ಕಾಣದೆ ಕೊಳ್ಳುವ ಖಣ

ಕಳೆದ ವೈಶಾಖದಲ್ಲಿ ರಾಯಬಾಗದ ನಮ್ಮ ಮನೆಗೆ ಟಪಾಲಿನಿಂದ ಒಂದು ಗಂಟು ಬಂದಿತು. ಮಗಳ ಲಗ್ನಕ್ಕೆಂದು ಅಂತರ್ಜಾಲದ ಅಂಗಡಿಯೊಂದರಿಂದ ತರಿಸಿದ ಗುಳೇದಗುಡ್ಡದ ಖಣವದು. ನೇಯ್ಗೆ ಅಂದವಾಗಿಯೇ ಇದ್ದಿತು; ಆದರೆ ಪನ್ನ ಕಿರಿದಾಗಿ, ಉದ್ದ ತೋಳಿನ ಕುಪ್ಪಸಕ್ಕೆ ಅರಿವೆ ಸಾಲದೆ ಹೋಯಿತು. ಒಮ್ಮೆ ಕತ್ತರಿಸಿ ಕಳಿಸಿದ್ದನ್ನು ಮರಳಿ ಕೊಳ್ಳುವುದಿಲ್ಲವೆಂದು ಅಂಗಡಿಯವರು ತಿಳಿಸಿದರು. ತಪ್ಪು ನೇಕಾರನದಲ್ಲ. ಖಣವು ಮೊದಲಿನಿಂದಲೂ ಗಿರಣಿಯ ಅರಿವೆಗಿಂತ ಕಿರಿದಾಗಿಯೇ ಮಗ್ಗದಿಂದಿಳಿಯುವುದು. ಅಂಗಡಿಯವರು ಅದನ್ನು ಬರೆದಿರಲಿಲ್ಲ, ನಾವೂ ಕೇಳಲಿಲ್ಲವೆನ್ನಿ.

ಪೇಟೆಯಲ್ಲಿ ಗಿರಾಕಿಯ ಬೆರಳೇ ಅರ್ಧ ವ್ಯಾಪಾರವನ್ನು ಮುಗಿಸುವುದು. ಇಂಥ ಅಂಗಡಿಯಲ್ಲಿ ಬೆರಳಿನ ಕೆಲಸವನ್ನು ಅಕ್ಷರವೂ ಚಿತ್ರವೂ ಮಾಡಬೇಕು. ಪನ್ನವನ್ನು ಇಂಚಿನಲ್ಲಿ ಬರೆಯಲಿ; ಅರಿವೆಯ ಮೇಲೆ ಅಳತೆಪಟ್ಟಿಯನ್ನಿಟ್ಟು ಹಗಲು ಬೆಳಕಿನಲ್ಲಿ ಚಿತ್ರ ತೆಗೆಯಲಿ. ನೂಲೆಷ್ಟು, ರೇಷ್ಮೆಯೆಷ್ಟು, ಒಗೆದರೆ ಎಷ್ಟು ಕುಗ್ಗುವುದು, ಬಣ್ಣ ಬಿಡುವುದೇ ಎಂಬುದನ್ನು ಮುಚ್ಚದೆ ಹೇಳಲಿ. ಇಳಕಲ್ಲ ಸೀರೆಯಾದರೆ, ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿದ ಎಡೆಯನ್ನು ಹತ್ತಿರದಿಂದ ತೋರಿಸಲಿ. ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುವುದು. ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬುದನ್ನೂ ತಿಳಿಸಲಿ. ಕೇಂದ್ರ ಸರಕಾರವು 2006ರಲ್ಲಿ ಕೈಮಗ್ಗದ ಮುದ್ರೆಯನ್ನು ಜಾರಿಗೆ ತಂದಿದೆ. ಅದಿದ್ದರೆ ಅದರ ಚಿತ್ರವೂ ಇರಲಿ.

ಇನ್ನೊಂದು ಮಾತು. ಪರದೆಯ ಮೇಲಿನ ಕೆಂಪು ಪ್ರತಿ ಮನೆಯಲ್ಲಿಯೂ ಬೇರೆಯಾಗಿ ತೋರುವುದು. ಅಲ್ಪ ಬೆಲೆಗೆ ಅಂಗೈಯಗಲದ ತುಂಡೊಂದನ್ನು ಮೊದಲೇ ಕಳಿಸಿದರೆ ಅಂಗಡಿಗೂ ಜಗಳ ತಪ್ಪುವುದು. ನಮ್ಮ ಸಿಂಪಿಗನು ತೋಳಿಗೆ ಬೇರೆ ಅರಿವೆಯ ಪಟ್ಟಿ ಜೋಡಿಸಿ ಮುಹೂರ್ತಕ್ಕೆ ಹಿಂದಿನ ರಾತ್ರಿ ಕುಪ್ಪಸವನ್ನು ತಂದುಕೊಟ್ಟನು.