ಬೂದಿದಿಬ್ಬದಲ್ಲಿ ಹುಟ್ಟಿದ ಊರು

ನಾಗರಿಕತೆ ಶುರುವಾಗೋಕೆ ಕೋಟೆ, ಇಟ್ಟಿಗೆಯ ನಗರ ಬೇಕೇ ಬೇಕಾ?
ಉತ್ತರ ನಮ್ಮ ಬಳ್ಳಾರಿ ಸೀಮೆಯಲ್ಲಿದೆ.
ಕುಡತಿನಿ, ಕಪ್ಪಗಲ್ಲು, ನಿಂಬಾಪುರ.
ಇಲ್ಲೆಲ್ಲ ಬೂದಿದಿಬ್ಬಗಳು.
ವಯಸ್ಸು, 4,000 ವರ್ಷದ ಆಸುಪಾಸು.

ಹಂಪಿ ಪಕ್ಕದ ನಿಂಬಾಪುರದ ದಿಬ್ಬವನ್ನ, ರಾಮಾಯಣದ ವಾಲಿಯ ಚಿತೆಯ ಬೂದಿ ಅಂತಾರೆ.
ಆದ್ರೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಗುರುತಿಸಿದ್ರು: ಇಂಥ ದಿಬ್ಬಗಳು ಸುಟ್ಟ ಸಗಣಿ.
ಕಾಡ್ಗಿಚ್ಚು ಯಾಕಾಗಿರಬಾರದು?
ಯಾಕಂದ್ರೆ ಒಂದೇ ಜಾಗದಲ್ಲಿ, ಪದರದ ಮೇಲೆ ಪದರ ಬೂದಿ ಕೂತಿದೆ.
ತೆಲಂಗಾಣದ ಉಟ್ನೂರಿನಲ್ಲಿ ಬೂದಿಯೊಳಗೇ ದನಗಳ ಗೊರಸಿನ ಗುರುತು ಸಿಕ್ಕಿದೆ.
ಅಂದ್ರೆ, ಅದು ದೊಡ್ಡಿ.
ಬೂದಿದಿಬ್ಬ ಹಳೇ ಲೆಕ್ಕದ ಪುಸ್ತಕ ಇದ್ದಂಗೆ. ಒಂದೊಂದು ಪದರವೂ ಒಂದೊಂದು ಪುಟ.

ಸರಿ, ಸಗಣಿ ಸುಟ್ಟರೆ ನಾಗರಿಕತೆನಾ?
ಹರಪ್ಪದಲ್ಲಿ ನಗರ ಇತ್ತು, ಲಿಪಿ ಇತ್ತು. ಇಲ್ಲಿ ಎರಡೂ ಇಲ್ಲ.
ನಿಜ. ಆದ್ರೆ ಇಷ್ಟು ಸಗಣಿ ಒಂದು ಮನೆಯ ಹಟ್ಟಿಯದ್ದಲ್ಲ.
ಮಂದೆ ಕೂಡಿಸೋಕೆ, ತಲೆಮಾರುಗಟ್ಟಲೆ ಅದೇ ಜಾಗಕ್ಕೆ ಬರೋಕೆ, ಜನರಲ್ಲಿ ಒಪ್ಪಂದ ಬೇಕು.
ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಇದೇ ಕಾಲದ ಜನ ಹುರುಳಿ, ಹೆಸರು, ಕಿರುಧಾನ್ಯ ಬೆಳೀತಿದ್ರು.
ಅಲ್ಲೇ ಹಿರೇಗುಡ್ಡದ ಮೇಲೆ ಕಲ್ಲಿನ ಕೊಡಲಿಗಳನ್ನ ರಾಶಿಗಟ್ಟಲೆ ಮಾಡ್ತಿದ್ರು.
ದನ, ಬೆಳೆ, ಕಸುಬು. ಮೂರೂ ಒಂದೇ ಕಡೆ ಸೇರಿದ್ವು.

ಸಿಂಧೂ ಬಯಲಿನ ದಾರಿ ಬೇರೆ, ನಮ್ಮ ಬಯಲುಸೀಮೆಯ ದಾರಿ ಬೇರೆ.
ಇಲ್ಲಿ ಮೊದಲು ಹುಟ್ಟಿದ್ದು ಕೂಡಿ ಬಾಳೋ ಕ್ರಮ.
ಎಷ್ಟೋ ದಿಬ್ಬಗಳ ಬೂದಿ ಈಗಾಗಲೇ ಹೊಲದ ಗೊಬ್ಬರ ಆಗಿದೆ.
ಉಳಿದಿರೋದನ್ನ ಕಾಪಾಡೋದು ನಮ್ಮ ಪಾಲಿನ ಕೆಲಸ.