ಡ್ಯೂಪ್ ಅಣ್ಣನ ಕೋರಿ ಗಸಿ: ಅನ್ನವಿಲ್ಲ, ರೊಟ್ಟಿಯಿಲ್ಲ!

ಹೀರೋ ಬೆಂಕಿ ದಾಟಿ ಜಿಗಿದಾಗ ನೀವು ಶಿಳ್ಳೆ ಹೊಡೀತೀರಿ, ಪೇಪರ್ ಹರಿದು ತೂರ್ತೀರಿ. ತೂರಿ, ಬೇಡ ಅನ್ನೋಲ್ಲ. ಆದರೆ ಆ ಜಿಗಿತ ಎಷ್ಟೋ ಸಲ ಹೀರೋದಲ್ಲ. ಮುಖ ಕಾಣದ ಇನ್ನೊಬ್ಬನದು. ಅವನೇ ಡ್ಯೂಪ್. ಅವನ ಮುಖ ಹೇಗಿದ್ದರೂ ನಡೆಯುತ್ತೆ, ಬೆನ್ನು, ಭುಜ, ಸೊಂಟ ಮಾತ್ರ ಹೀರೋ ಥರಾನೇ ಇರಬೇಕು. ಸೊಂಟ ಎರಡು ಇಂಚು ಜಾಸ್ತಿಯಾಯ್ತೋ, ಅನ್ನ ಹೋಯ್ತು!

1980ರಲ್ಲಿ ಬಂದ ‘ರೇಜಿಂಗ್ ಬುಲ್’ ಚಿತ್ರಕ್ಕಾಗಿ ರಾಬರ್ಟ್ ಡಿ ನೀರೋ ಸುಮಾರು 27 ಕಿಲೋ ದಪ್ಪಗಾದರು, ಆಸ್ಕರ್ ಕೊಟ್ಟರು. ನಮ್ಮ ಡ್ಯೂಪ್ ಅಣ್ಣ ಒಂಬತ್ತು ಕಿಲೋ ದಪ್ಪಗಾದ, ಫೈಟ್ ಮಾಸ್ಟರ್ ಕರೆದು, “ಒಂದೂವರೆ ತಿಂಗಳು ಟೈಮು. ಇಳಿದ್ರೆ ನೀನು, ಇಲ್ಲಾಂದ್ರೆ ಬೇರೆ ಹುಡುಗ” ಅಂದರು. ನ್ಯಾಯ ಎಲ್ಲಿದೆ ಹೇಳಿ!

ಅಣ್ಣನ ಹೆಸರು ಬರೆಯೋಲ್ಲ. ಬರೆದರೆ ಇರೋ ಕೆಲಸಾನೂ ಹೋದೀತು. ಉಡುಪಿ ಕಡೆಯವ, ಶ್ರೀರಾಮಪುರದಲ್ಲಿ ಒಂದು ರೂಮು, ಊರಲ್ಲಿ ಅಮ್ಮ. ದಪ್ಪ ಆಗಿದ್ದು ಶೂಟಿಂಗ್ ಊಟದಿಂದ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನ ಗುಡ್ಡೆ ಅನ್ನ. ಸಂಜೆ ಬಜ್ಜಿ, ನಾಲ್ಕು ಸಕ್ಕರೆ ಟೀ. ಶಾಟ್ ಇಲ್ಲದ ಹೊತ್ತು ಮರದ ಕೆಳಗೆ ನಿದ್ದೆ. ಡಾಕ್ಟರ್ ಹತ್ತಿರ ಹೋದರೆ ಬೆಳಿಗ್ಗೆ ಬರಿ ಹೊಟ್ಟೇಲಿ ಸಕ್ಕರೆ 134. 126 ದಾಟಿದ್ರೆ ಸಕ್ಕರೆ ಕಾಯಿಲೆ ಲೆಕ್ಕ. ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು, ಅದೇ ಕತೆ. ಮಾತ್ರೆ ಆಮೇಲೆ ನೋಡೋಣ, ಮೊದಲು ಅನ್ನ, ಸಿಹಿ ಕಮ್ಮಿ ಮಾಡು, ನಡಿ ಅಂದರು ಡಾಕ್ಟರ್.

ಕರಾವಳಿಯವನಿಗೆ ಅನ್ನ ಬಿಡು ಅಂದರೆ? “ಎಂತ ಮಾರಾಯ, ನೀರು ಬಿಟ್ಟು ಮೀನು ಬದುಕು ಅಂದ ಹಾಗೆ ಉಂಟು” ಅಂತ ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದ. ಮೂರನೇ ದಿನ ಅಮ್ಮ ಫೋನಲ್ಲಿ ಹೇಳಿದ್ದು: ಗಸಿ ಮಾಡು, ರೊಟ್ಟಿ ಬಿಡು.

ಕೋರಿ ರೊಟ್ಟಿ ಗೊತ್ತಲ್ಲ ನಿಮಗೆ? ತುಳುವಿನಲ್ಲಿ ಕೋರಿ ಅಂದರೆ ಕೋಳಿ. ಕುಚ್ಚಲಕ್ಕಿಯ ಗರಿಗರಿ ಒಣ ರೊಟ್ಟಿ ಮುರಿದು ಹಾಕಿ, ಮೇಲೆ ಬಿಸಿ ಗಸಿ ಸುರಿಯೋದು. ಸಕ್ಕರೆ ಏರಿಸೋ ಪಿಷ್ಟವೆಲ್ಲ ಇರೋದು ಆ ರೊಟ್ಟೀಲಿ. ಕೋಳಿ ಮಾಂಸದಲ್ಲಿ ಪಿಷ್ಟ ಇಲ್ಲವೇ ಇಲ್ಲ. ಗಟ್ಟಿ ತೆಂಗಿನಹಾಲಲ್ಲಿ 100 ಗ್ರಾಂಗೆ ಐದಾರು ಗ್ರಾಂ, ಅಷ್ಟೇ ತೂಕದ ಅನ್ನದಲ್ಲಿ ಸುಮಾರು 28.

ಭಾನುವಾರ ನಾನೂ ಅಲ್ಲೇ ಇದ್ದೆ, ನೋಡಿದ್ದನ್ನ ಹೇಳ್ತೀನಿ. ದೊಡ್ಡ ತೆಂಗಿನಕಾಯಿ ಒಂದು ತುರಿದು, ಒಂದು ಹಿಡಿ ಎತ್ತಿಟ್ಟ. ಉಳಿದದ್ದಕ್ಕೆ ಮುಕ್ಕಾಲು ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೇಲಿ ಹಿಂಡಿದ. ಇದು ಮೊದಲ ಹಾಲು. ಪಕ್ಕದ ಮನೆ ಫ್ರಿಜ್‌ನಲ್ಲಿ ಮೂರು ಗಂಟೆ ಇಟ್ಟ. ಮೇಲೆ ಕೆನೆ ಗಟ್ಟಿ ಮೊಸರಿನ ಹಾಗೆ ತೇಲಿತು! ಅದೇ ಚರಟಕ್ಕೆ ಮತ್ತೆ ಎರಡು ಲೋಟ ನೀರು ಹಾಕಿ ಹಿಂಡಿದ್ದು ಎರಡನೇ ಹಾಲು, ತೆಳ್ಳಗಿನದು.

ಮಸಾಲೆಗೆ ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಜಾಸ್ತಿ, ಖಾರ ಹದ. ಎರಡು ಚಮಚ ಧನಿಯಾ, ಒಂದೊಂದು ಚಿಕ್ಕ ಚಮಚ ಜೀರಿಗೆ, ಕಾಳುಮೆಣಸು, ನಾಲ್ಕೇ ನಾಲ್ಕು ಕಾಳು ಮೆಂತ್ಯ. ಮೆಂತ್ಯ ಜಾಸ್ತಿ ಆಯ್ತೋ, ಕಹಿ. ಎಲ್ಲಾ ಬೇರೆ ಬೇರೆ ಹುರಿದು, ಎತ್ತಿಟ್ಟ ಹಿಡಿ ತುರಿಯನ್ನೂ ಕೆಂಪಗೆ ಹುರಿದು, ಎಂಟು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಚೂರು ಹುಣಸೆ ಸೇರಿಸಿ ನುಣ್ಣಗೆ ರುಬ್ಬಿದ. ಬೆಲ್ಲದ ಮಾತೇ ಇಲ್ಲ.

ತೆಂಗಿನೆಣ್ಣೇಲಿ ಒಂದು ಈರುಳ್ಳಿ, ಕರಿಬೇವು. ಆಮೇಲೆ ಮೂಳೆ ಸಮೇತ ಒಂದು ಕಿಲೋ ಕೋಳಿ, ಉಪ್ಪು, ಮಸಾಲೆ. ಎರಡನೇ ಹಾಲು ಹೊಯ್ದು, ಮುಚ್ಚಿ, ಸಣ್ಣ ಉರೀಲಿ ಅರ್ಧ ಗಂಟೆ. ಮಾಂಸ ಮೂಳೆ ಬಿಡೋಕೆ ಶುರುವಾದಾಗ ಕೊನೆಗೆ ಕೆನೆ. ಇಲ್ಲಿ ಅವಸರ ಮಾಡಿದ್ರೆ ಕತೆ ಮುಗೀತು. ಉರಿ ತೀರಾ ಸಣ್ಣಗೆ ಮಾಡಿ, ಕಲಕ್ತಾ ಹಾಕಿ, ಅಂಚಲ್ಲಿ ಗುಳ್ಳೆ ಕಂಡಕೂಡಲೇ ಇಳಿಸಬೇಕು. ಕುದಿಸಿದ್ರೆ ಹಾಲು ಒಡೆದು ಎಣ್ಣೆ ಬೇರೆ, ನೀರು ಬೇರೆ.

ರೊಟ್ಟಿ ಜಾಗದಲ್ಲಿ? ಎಲೆಕೋಸು ಸಣ್ಣಗೆ ಹೆಚ್ಚಿ, ಸಾಸಿವೆ ಒಗ್ಗರಣೇಲಿ ಎರಡು ನಿಮಿಷ ಬಾಡಿಸಿ ತಟ್ಟೆ ತುಂಬಾ ಹರಡಿದ. ಮೇಲೆ ಗಸಿ. ರೊಟ್ಟಿ ಮುರಿಯೋ ಸದ್ದು ಸಿಗೋಲ್ಲ, ಅದು ನಿಜ. ಆದರೆ ಆ ಕೆನೆಯ ಗಸಿ... ನಾನು ಮೂರು ಸಲ ಹಾಕಿಸಿಕೊಂಡೆ.

ಹಾಗಂತ ತೆಂಗಿನ ಕೆನೆ ತಿಂದ್ರೆ ಹೊಟ್ಟೆ ಕರಗುತ್ತೆ ಅಂತ ಯಾರಾದರೂ ಹೇಳಿದ್ರೆ ನಂಬಬೇಡಿ ಗೆಳೆಯರೇ. 100 ಗ್ರಾಂ ಕೆನೇಲಿ 330 ಕ್ಯಾಲೊರಿ, ಅದೇ ತೂಕದ ಅನ್ನಕ್ಕೆ 130! ಕೊಬ್ಬೂ ಹೃದಯಕ್ಕೆ ಒಗ್ಗದ ಜಾತಿಯದು. ಅಣ್ಣ ಒಂದು ಕಿಲೋ ಕೋಳೀನ ನಾಲ್ಕು ಹೊತ್ತಿಗೆ ಹಂಚಿಕೊಳ್ಳೋನು. ಗಸಿ ವಾರಕ್ಕೆ ಎರಡೇ ದಿನ, ಉಳಿದ ದಿನ ಮೊಟ್ಟೆ, ಮೀನು, ಸೊಪ್ಪು. ಬೆಳಿಗ್ಗೆ ಐದಕ್ಕೆ ಎದ್ದು ಮಲ್ಲೇಶ್ವರದ ತನಕ ಓಟ. ಇನ್ನೊಂದು ಮಾತು, ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತಗೊಳ್ಳೋರು ಡಾಕ್ಟರನ್ನ ಕೇಳದೆ ಅನ್ನ ಬಿಡಬೇಡಿ. ಸಕ್ಕರೆ ಏಕಾಏಕಿ ಇಳಿದು ತಲೆ ತಿರುಗಿ ಬಿದ್ದೀರಿ. ರೋಪಲ್ಲಿ ನೇತಾಡೋನಿಗೆ ಅದು ತಮಾಷೆಯಲ್ಲ.

1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಅಣ್ಣಾವ್ರು ಐವತ್ತು ದಾಟಿದ ಮೇಲೆ ಹಾಕಿದ ಯೋಗಾಸನಗಳನ್ನ ಡ್ಯೂಪ್ ಅಣ್ಣ ಎಷ್ಟು ಸಲ ನೋಡಿದಾನೋ ಲೆಕ್ಕವಿಲ್ಲ. “ಅವರಿಗಾಗಿದ್ದು ನನಗೆ ಯಾಕೆ ಆಗ್ಲಿಕ್ಕಿಲ್ಲ?” ಅಂತಾನೆ.

ನಾಲ್ಕು ವಾರಕ್ಕೆ ಐದು ಕಿಲೋ ಇಳಿದ. ಸಕ್ಕರೆ ಈಗ 112. ಮೊನ್ನೆ ಕಾಸ್ಟ್ಯೂಮರ್ ಹೀರೋ ಜಾಕೆಟ್ ತಂದು ತೊಡಿಸಿದರು. ಮೇಲಿನ ಮೂರು ಗುಂಡಿ ಬಿತ್ತು. ಕೆಳಗಿನದಕ್ಕೆ ಇನ್ನೂ ಒಂದು ಬೆರಳು ಸಾಲದು. ಮಾಸ್ಟರ್ ನೋಡಿದರು, ಏನೂ ಹೇಳಲಿಲ್ಲ, ಬೇರೆ ಹುಡುಗನಿಗೂ ಫೋನ್ ಮಾಡಲಿಲ್ಲ. ಶೂಟಿಂಗ್‌ಗೆ ಇನ್ನು ಹನ್ನೊಂದು ದಿನ ಉಂಟು.