ಅದ್ಲಿಯಾದ ಇರುಳಿನಲ್ಲಿ ಹಾಡುವವಳು

ಗುರುವಾರ ಸಂಜೆಯಾಯಿತೆಂದರೆ ಅದ್ಲಿಯಾದ ಓಣಿಗಳಲ್ಲಿ ಕಾರು ನಿಲ್ಲಿಸಲು ಸ್ಥಳ ದೊರೆಯುವುದು ಕಷ್ಟ. ಬಹ್ರೇನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಮನಾಮಾದ ಈ ಬಡಾವಣೆಯ ‘ಬ್ಲಾಕ್ 338’ ಎಂಬ ಭಾಗ ಊಟದ ಮನೆಗಳಿಗೂ ಕಲಾ ಗ್ಯಾಲರಿಗಳಿಗೂ ಹೆಸರಾದುದು. ಒಳಗೆಲ್ಲೋ ಕೀಬೋರ್ಡಿನ ಪಕ್ಕದಲ್ಲಿ ನಿಂತು ಹೆಣ್ಣುಮಗಳೊಬ್ಬಳು ಹಾಡುತ್ತಿರುತ್ತಾಳೆ. ಅನೇಕ ವೇಳೆ ಫಿಲಿಪ್ಪೀನ್ಸಿನವಳು. ಮೇಜಿನಲ್ಲಿ ನಮ್ಮವರನ್ನು ಕಂಡರೆ ಹಳೆಯ ಹಿಂದಿ ಚಿತ್ರಗೀತೆಯೊಂದನ್ನೂ ಹಾಡಿಯಾಳು. ನಾವು ಚಪ್ಪಾಳೆ ತಟ್ಟುತ್ತೇವೆ. ನಮ್ಮ ಮನೆಯ ಮಗಳು ಅದೇ ಉದ್ಯೋಗಕ್ಕೆ ಹೊರಟರೆ ತಟ್ಟುತ್ತೇವೆಯೇ?

ಈ ಸಂಕೋಚ ಗಲ್ಫಿನಲ್ಲಿ ಹುಟ್ಟಿದುದಲ್ಲ. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತವರು. ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂಬ ಮೂದಲಿಕೆ ಬೆನ್ನಟ್ಟುತ್ತಿತ್ತು. ಹಾಡುವ ಗಂಡಸು ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಅವರು ಮುಂದೆ ನೊಂದು ಹೇಳಿದ್ದುಂಟು. 2002ರಲ್ಲಿ ಪದ್ಮವಿಭೂಷಣ ಬಂದಿತೆಂಬುದು ನಿಜ. ಅಷ್ಟರಲ್ಲಿ ಅವರಿಗೆ ಎಂಬತ್ತೊಂಬತ್ತು.

ಬಹ್ರೇನಿಗೂ ತನ್ನದೇ ಆದ ಸ್ತ್ರೀಗಾಯನವಿದೆ. ಮುತ್ತು ತೆಗೆಯುವವರ ‘ಫಿಜಿರಿ’ ಗಂಡಸರ ಹಾಡು. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆದರೆ ತಿಂಗಳುಗಟ್ಟಲೆ ಕಡಲಲ್ಲಿದ್ದವರಿಗಾಗಿ ದಡದಲ್ಲಿ ಕಾದು ಹಾಡಿದವರು ಹೆಂಗಸರು. ಮದುವೆಮನೆಯಲ್ಲಿ, ಹೆಂಗಸರದೇ ಕೂಟದಲ್ಲಿ, ಡೋಲು ಬಡಿದು ಹಾಡಿ ಸಂಭಾವನೆ ಪಡೆಯುವ ಮಹಿಳಾ ತಂಡಗಳೂ ಈ ನಾಡಿನ ಹಳೆಯ ರೂಢಿ.

ಆದ್ದರಿಂದ ಅಂಜಬೇಕಾದುದು ಹಾಡಿಗಲ್ಲ, ಕರಾರಿಗೆ. ಗಲ್ಫಿನ ಕೆಲವು ಬಾರುಗಳಲ್ಲಿ ಗಿರಾಕಿಗಳು ಕೊಂಡು ತೊಡಿಸುವ ಹಾರಗಳ ಲೆಕ್ಕದ ಮೇಲೆ ಗಾಯಕಿಯ ಬೆಲೆ ಕಟ್ಟುತ್ತಾರೆ. ಅಂಥಲ್ಲಿ ಕಂಠಕ್ಕಿಂತ ನಗೆಗೇ ದುಡಿಮೆ ಹೆಚ್ಚು. ಹೊರಡುವ ಮುನ್ನ ವೀಸಾದಲ್ಲಿ ಯಾವ ವೃತ್ತಿ ನಮೂದಾಗಿದೆ, ಸಂಬಳ ಎಷ್ಟು ದಿನಾರ್, ರಾತ್ರಿ ಎಷ್ಟು ಗಂಟೆ ಹಾಡಬೇಕು, ವಸತಿಯಿಂದ ಹೊರಹೋಗಲು ಯಾರನ್ನಾದರೂ ಕೇಳಬೇಕೇ, ಇವೆಲ್ಲ ಬರಹದಲ್ಲಿರಲಿ. ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ನೋಡೋಣ ಎನ್ನುವ ಏಜೆಂಟನನ್ನು ಬಾಗಿಲಲ್ಲಿಯೇ ಬೀಳ್ಕೊಡಿ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದನ್ನು ಇಲ್ಲಿನ ಕಾನೂನು ಒಪ್ಪುವುದಿಲ್ಲ. ಹತ್ತನೆಯ ತರಗತಿ ಮುಗಿಸದ, ಇಸಿಆರ್ ಪಾಸ್‌ಪೋರ್ಟಿನ ಮಹಿಳೆಯರಿಗೆ ಸಾಮಾನ್ಯವಾಗಿ 30 ವರ್ಷ ತುಂಬಿರಬೇಕೆಂಬ ಭಾರತ ಸರ್ಕಾರದ ನಿಯಮವೂ ಇದೆ. ಅದನ್ನು ತಪ್ಪಿಸುವ ಅಡ್ಡದಾರಿಗಳೇ ಅನೇಕರನ್ನು ಸಿಕ್ಕಿಸಿವೆ.

ಗಂಡನ ವೀಸಾದ ಮೇಲೆ ಬಂದ ಗಾಯಕಿಯರ ಪಾಡು ಬೇರೆ. ಸಂಘದ ಉತ್ಸವದಲ್ಲಿ ಪ್ರಾರ್ಥನೆಗೆ ಅವರೇ ಬೇಕು. ಪ್ರತಿಫಲವಾಗಿ ಒಂದು ಶಾಲು, ಒಂದು ಫಲಕ. ಸಂಬಳಕ್ಕೆ ಕಲಿಸಬೇಕೆಂದರೆ ಕೆಲಸದ ಪರವಾನಗಿ ಬೇಕು. ಊರಿನಲ್ಲಿ ವಿದ್ವತ್ ಪರೀಕ್ಷೆ ಮುಗಿಸಿಬಂದವಳ ತಂಬೂರಿ ಇಲ್ಲಿ ಬೀರುವಿನ ಮೇಲೇರುವುದು ಹೀಗೆ. ಮುಂದಿನ ಸಲ ಊರಿನಿಂದ ಫೋನ್ ಮಾಡಿದಾಗ, ಮಕ್ಕಳ ಶಾಲೆಯನ್ನು ವಿಚಾರಿಸಿದ ಮೇಲೆ, ‘ಸಾಧನೆ ನಡೀತಿದೆಯೇನಮ್ಮ?’ ಎಂದೂ ಕೇಳಿ.